ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ (ಭಾಗ 4)

ಫ್ರೆಂಡ್ಸ್, ರಾತ್ರಿಯೆಲ್ಲ ಎದೆ ಡವಡವ, ಬೆಳಗ್ಗೆ ಮಾರಿಕುಪ್ಪಂ ಟ್ರೈನ್ ಹತ್ತೋಕೂ ಮನಸ್ಸಿಲ್ಲ. ಹೇಳಿಕೊಂಡ್ರೆ "ನಂಬಿಕೆ ಕಮ್ಮಿ, ಇನ್ನೂ ಪ್ರಾರ್ಥನೆ ಮಾಡು" ಅಂತಾರೆ. ನಾನಿದನ್ನ ಒಪ್ಪಲ್ಲ.

1 ಅರಸುಗಳು 19 ಓದಿ. ಹೆದರಿ ಓಡಿಹೋದ ಎಲೀಯ ಗಿಡದ ಕೆಳಗೆ ಕೂತು ಸಾವು ಬೇಡಿದ. ದೇವರು ಬೈಲಿಲ್ಲ. ಮಲಗೋಕೆ ಬಿಟ್ಟು, ದೂತನ ಕೈಲಿ ರೊಟ್ಟಿ, ನೀರು ಕಳಿಸಿದ. ಅದೂ ಎರಡು ಸಲ! ನನ್ನನ್ನ ಹಿಡಿದು ನಿಲ್ಲಿಸಿದ್ದು ಈ ಅಧ್ಯಾಯ.

ಗಣಿಯಲ್ಲಿ ದುಡಿದ ತಾತನ ಕೆಮ್ಮಿಗೆ ಮನೇಲಿ ಪ್ರಾರ್ಥನೆನೂ ಮಾಡ್ತಿದ್ರು, ಆಸ್ಪತ್ರೆಗೂ ಕರ್ಕೊಂಡು ಹೋಗ್ತಿದ್ರು. ಮನಸ್ಸಿಗೆ ಮಾತ್ರ ಯಾಕೆ ಬೇರೆ ನ್ಯಾಯ? ನಾನು ಬೈಬಲ್ಲೂ ಓದಿದೆ, ಕೌನ್ಸೆಲರ್ ಹತ್ರಾನೂ ಹೋದೆ.

ಟೆಲಿ ಮಾನಸ್ 14416. ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಒಬ್ರೇ ಫೋನ್ ಮಾಡೋಕೆ ಭಯ ಆದ್ರೆ ನನಗೆ ಮೆಸೇಜ್ ಹಾಕಿ, ಜೊತೇಲಿ ಕೂತು ಮಾಡೋಣ.