ಹಲಬರ್ಗಾಕ್ಕೆ ಬರುವವರಾರು?

ಹಲಬರ್ಗಾ ಬೀದರ ಮತ್ತು ಭಾಲ್ಕಿಗಳ ನಡುವಿನ, ರೈಲು ನಿಲ್ದಾಣವುಳ್ಳ ಊರು. ಅದನ್ನು ದುರ್ಗಮ ಸ್ಥಳವೆಂದು ಯಾರೂ ಹೇಳಲಾರರು. ಆದರೆ ಪಟ್ಟಣದ ಈ ಸಾಮೀಪ್ಯವೇ ಇಂಥ ಊರುಗಳಿಗೆ ಮುಳುವಾಗಿದೆ. ಕಲಿತ ಹುಡುಗನು ಗಾಡಿ ಹತ್ತಿ ಹೈದರಾಬಾದಕ್ಕೋ ಪುಣೆಗೋ ಹೋಗಿಬಿಡುವನು. ನೇಮಕವಾಗಿ ಬಂದ ವೈದ್ಯನೂ ಉಪಾಧ್ಯಾಯನೂ ಪಟ್ಟಣದಲ್ಲಿ ಬಿಡಾರ ಮಾಡಿ, ಹಗಲು ಬಂದು ಸಂಜೆ ಮರಳುವರು. ಹಗಲಿಗೆ ಮಾತ್ರ ಬರುವ ವೈದ್ಯನು ನಡುರಾತ್ರಿಯ ಹೆರಿಗೆಗೆ ಒದಗುವನೇ?

ಈ ಪ್ರಾಂತದ ಹಿಂದುಳಿದಿರುವಿಕೆ ನಮ್ಮ ವಾಚಕರಿಗೆ ಹೊಸ ಸುದ್ದಿಯಲ್ಲ. 1948ರ ಸಪ್ಟಂಬರದಲ್ಲಿ ನಿಜಾಮಶಾಹಿಯು ಅಳಿಯಿತು. 1956ರಲ್ಲಿ ಬೀದರವು ಕನ್ನಡ ರಾಜ್ಯವನ್ನು ಸೇರಿತು. ಆದರೂ 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಎಣಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಾಗ, ಆ 39ರಲ್ಲಿ 21 ಕಲಬುರ್ಗಿ ವಿಭಾಗದವೇ ಆಗಿದ್ದವು.

ಇದರ ಪರಿಹಾರಕ್ಕೆಂದು ಸಂವಿಧಾನದಲ್ಲಿ 371-ಜೆ ವಿಧಿಯು ಸೇರಿತು. 2013ರಿಂದ ಪ್ರಾಂತದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು. ನೌಕರಿಗಳಲ್ಲಿಯೂ ದೊಡ್ಡ ಪಾಲು ದೊರೆಯಿತು. ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ಇದೆಲ್ಲ ಸ್ವಾಗತಾರ್ಹವೇ. ಆದರೆ ಹಣವು ಆಸ್ಪತ್ರೆಯ ಗೋಡೆಯನ್ನು ಎಬ್ಬಿಸಬಲ್ಲದಲ್ಲದೆ, ಅದರೊಳಗೆ ವೈದ್ಯನನ್ನು ನಿಲ್ಲಿಸಲಾರದು. ಹುದ್ದೆ ತುಂಬಿತೆಂದು ದಫ್ತರದಲ್ಲಿ ಬರೆದ ಮಾತ್ರಕ್ಕೆ ಊರಿಗೆ ಮನುಷ್ಯನು ಸಿಕ್ಕಂತಾಗಲಿಲ್ಲ.

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ಪ್ರಾಂತದ ಹೆಸರಿನಲ್ಲಿ ವಿದ್ಯೆಯ ಸ್ಥಾನ ಪಡೆದ ತರುಣನು ಪ್ರಾಂತಕ್ಕೆ ಋಣಿಯಾಗಿರುವನು. ಆ ಋಣವನ್ನು ಕೆಲವು ವರ್ಷ ಹೋಬಳಿಯಲ್ಲಿ ನಿಂತು ತೀರಿಸತಕ್ಕದ್ದು. ಜಪಾನದೇಶದವರು 1972ರಲ್ಲಿ ಸ್ಥಾಪಿಸಿದ ಜಿಚಿ ವೈದ್ಯಕೀಯ ವಿದ್ಯಾಲಯದಲ್ಲಿ ಪ್ರತಿಯೊಂದು ಪ್ರಾಂತದಿಂದ ವಿದ್ಯಾರ್ಥಿಗಳನ್ನು ಆರಿಸುವರು. ತನ್ನ ಪ್ರಾಂತದಲ್ಲಿ ಸುಮಾರು 9 ವರ್ಷ ಸೇವೆ ಮಾಡಿದವನಿಗೆ ಶುಲ್ಕದ ಸಾಲವೆಲ್ಲ ಮಾಫಿ. ನಮ್ಮ ರಾಜ್ಯದಲ್ಲಿಯೂ ವೈದ್ಯ ಪದವೀಧರರ ಒಂದು ವರ್ಷದ ಕಡ್ಡಾಯ ಸೇವೆಗೆ 2012ರಲ್ಲಿ ಶಾಸನವಾಯಿತು. ಆದರೆ ಊರಿನ ಜನರ ಗುರುತಾಗುವಷ್ಟರಲ್ಲಿಯೇ ಒಂದು ವರ್ಷ ಕಳೆದುಹೋಗುವದು.

ಆದರೆ ಋಣವು ಒಂದೇ ಪಕ್ಷದ್ದಲ್ಲ. ವಾಸಕ್ಕೆ ಮನೆಯಿಲ್ಲ, ಔಷಧವಿಲ್ಲ, ಉಪಕರಣವಿಲ್ಲ, ಮಕ್ಕಳಿಗೆ ಒಳ್ಳೆಯ ಶಾಲೆಯಿಲ್ಲ ಎಂಬಲ್ಲಿಗೆ ತರುಣನನ್ನು ದೂಡಿ, ತ್ಯಾಗವನ್ನು ಬೋಧಿಸುವದು ಸರಕಾರಕ್ಕೆ ಶೋಭಿಸದು. ಮಂಡಳಿಯ ಹಣದಲ್ಲಿ ಒಂದು ಪಾಲನ್ನು ಹೋಬಳಿಗಳಲ್ಲಿ ವಸತಿಗೃಹ ಕಟ್ಟಲಿಕ್ಕೆ ತೆಗೆದಿಡಬೇಕು. ಸೇವೆಯ ಅವಧಿ ಮುಗಿದವನಿಗೆ, ಯಾರ ಶಿಫಾರಸಿಗೂ ಕೈಯೊಡ್ಡದೆ, ಬೇಡಿದ ಊರಿಗೆ ವರ್ಗವಾಗಬೇಕು. ಬೀದರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಕಲಿತವರು ಸುತ್ತಲಿನ ದೇವಣಿ ದನಗಳ ಹಟ್ಟಿಗೆ ಬಾರದೆ ಹೋದರೆ ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ನಿಜವಾಗುವದು.

ಗ್ರಾಮಸ್ಥರಿಗೂ ಒಂದು ಮಾತು. ಬಂದವನನ್ನು ಪರಕೀಯನೆಂದು ಕಾಣದೆ ಮನೆಯವನೆಂದು ಕಾಣಿರಿ. ಅವನನ್ನು ಪಕ್ಷಗಳ ಜಗಳಕ್ಕೆ ಎಳೆಯದಿರಿ.

ಇದೇ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಪ್ರತಿಕೂಲ ಪ್ರಭುತ್ವದಲ್ಲಿ ಅಷ್ಟು ಸಾಧ್ಯವಾಯಿತು. ನಮ್ಮದೇ ಸರಕಾರ, ನಮ್ಮದೇ ಹಣ, ನಮ್ಮದೇ ಮಕ್ಕಳು ಇರುವಾಗ ಹಲಬರ್ಗಾದಲ್ಲಿ ಒಬ್ಬ ವೈದ್ಯನು ರಾತ್ರಿ ತಂಗುವಂತೆ ಮಾಡಲಿಕ್ಕೆ ಆಗದೆಂದರೆ, ಆ ಮಾತನ್ನು ಯಾರು ನಂಬುವರು?