ಮಗುವಿನ ಹೆಗಲ ಮೇಲೆ ಯಾರ ಕೈ? ದೃಢೀಕರಣದ ಸ್ಪಾನ್ಸರ್ ಆಯ್ಕೆಯ ಕುರಿತು

ಸ್ಪಾನ್ಸರ್ ಎಂಬ ಪದ ಕಿವಿಗೆ ಬಿದ್ದೊಡನೆ ಅಮೆರಿಕದಲ್ಲಿ ನೆಲೆಸಿರುವ ನಮಗೆ ನೆನಪಾಗುವುದು ಎರಡು: ವೀಸಾಕ್ಕೆ ಅರ್ಜಿ ಹಾಕಿದ ಕಂಪನಿ, ಇಲ್ಲವೇ ರಾಜ್ಯೋತ್ಸವದ ವೇದಿಕೆಯ ಬ್ಯಾನರಿನಲ್ಲಿ ಹೆಸರು ಕಾಣುವ ದಾನಿ. ಆದರೆ ಸಂಘದ ಕಥೋಲಿಕ ಕುಟುಂಬಗಳ ಪೈಕಿ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈ ಪದಕ್ಕೆ ಈಗ ಬೇರೊಂದು ಅರ್ಥವಿದೆ. ಮುಂದಿನ ವಸಂತದಲ್ಲಿ ದೃಢೀಕರಣ ಸಂಸ್ಕಾರ ಪಡೆಯಲಿರುವ ಮಗನಿಗೋ ಮಗಳಿಗೋ ಸ್ಪಾನ್ಸರ್ ಯಾರೆಂದು ತಿಳಿಸುವಂತೆ ಚರ್ಚಿನಿಂದ ಅರ್ಜಿ ನಮೂನೆ ಬಂದಿರುತ್ತದೆ. ಅದರಲ್ಲಿ ಯಾರ ಹೆಸರನ್ನು ಬರೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲವೆಂದು ನಾವು ಭಾವಿಸುತ್ತೇವೆ.

ಇತರ ಧರ್ಮಗಳ ಸದಸ್ಯರ ತಿಳಿವಳಿಕೆಗಾಗಿ ಒಂದೆರಡು ಮಾತು. ಕಥೋಲಿಕರ ಮನೆಯ ಮಗುವಿಗೆ ಸಾಮಾನ್ಯವಾಗಿ ಹಸುಳೆಯಾಗಿದ್ದಾಗಲೇ ದೀಕ್ಷಾಸ್ನಾನವಾಗುತ್ತದೆ. ಅಂದು ವಿಶ್ವಾಸದ ಪ್ರತಿಜ್ಞೆಗೆ ಉತ್ತರ ಕೊಡುವವರು ತಂದೆತಾಯಿ ಮತ್ತು ಜ್ಞಾನತಂದೆ, ಜ್ಞಾನತಾಯಿ. ದೃಢೀಕರಣದಲ್ಲಿ ಆ ಮಗು ತಾನೇ ಎದ್ದು ನಿಂತು ಅದೇ ಪ್ರತಿಜ್ಞೆಯನ್ನು ನವೀಕರಿಸುತ್ತದೆ. ಧರ್ಮಾಧ್ಯಕ್ಷರು, ಎಂದರೆ ಬಿಷಪ್ಪರು, ಪವಿತ್ರಾತ್ಮರ ವರದ ಮುದ್ರೆಯಾಗಿ ಅದರ ಹಣೆಯ ಮೇಲೆ ಪರಿಮಳ ತೈಲದಿಂದ ಶಿಲುಬೆಯ ಗುರುತು ಹಾಕುತ್ತಾರೆ. ಆ ಗಳಿಗೆಯಲ್ಲಿ ಹಿಂದೆ ನಿಂತು ಮಗುವಿನ ಹೆಗಲ ಮೇಲೆ ಬಲಗೈ ಇಡುವವರೇ ಸ್ಪಾನ್ಸರ್. ಅಮೆರಿಕದ ಧರ್ಮಾಧ್ಯಕ್ಷರ ಒಕ್ಕೂಟವು 2002ರಿಂದ ಜಾರಿಗೆ ತಂದಿರುವ ನಿಯಮದಂತೆ, ವಿವೇಚನೆ ಬರುವ ವಯಸ್ಸಿನಿಂದ ಸುಮಾರು 16 ವರ್ಷದೊಳಗೆ ಈ ಸಂಸ್ಕಾರ ನಡೆಯುತ್ತದೆ. ಎಂಟನೆಯ ತರಗತಿ ಅಥವಾ ಹೈಸ್ಕೂಲಿನ ಆರಂಭದ ವರ್ಷಗಳಲ್ಲಿ ಇದನ್ನು ನಡೆಸುವ ಚರ್ಚುಗಳು ಬಹಳ.

1983ರ ಧರ್ಮಸಭೆಯ ಕಾನೂನು ಸಂಹಿತೆ ಸ್ಪಾನ್ಸರ್ ಆಗುವವರ ಅರ್ಹತೆಯನ್ನು ಸ್ಪಷ್ಟವಾಗಿ ಹೇಳುತ್ತದೆ. ಧರ್ಮಾಧ್ಯಕ್ಷರು ಬೇರೆ ವಯಸ್ಸನ್ನು ಗೊತ್ತುಮಾಡದಿದ್ದಲ್ಲಿ 16 ವರ್ಷ ತುಂಬಿರಬೇಕು. ಕಥೋಲಿಕರಾಗಿದ್ದು ಪರಮಪ್ರಸಾದವನ್ನೂ ದೃಢೀಕರಣವನ್ನೂ ಪಡೆದವರಾಗಿರಬೇಕು. ವಿಶ್ವಾಸಕ್ಕೆ ತಕ್ಕ ಬದುಕನ್ನು ನಡೆಸುತ್ತಿರಬೇಕು. ಈ ಹೊಣೆಯನ್ನು ಹೊರುವ ಮನಸ್ಸೂ ಯೋಗ್ಯತೆಯೂ ಇರಬೇಕು. ಮಗುವಿನ ತಂದೆಯಾಗಲಿ ತಾಯಿಯಾಗಲಿ ಆಗಿರಬಾರದು. ಈ ಕೊನೆಯ ನಿಯಮ ಅನೇಕರಿಗೆ ಅಚ್ಚರಿ ತರಬಹುದು. ಉಪನಯನದಲ್ಲಿ ಸಾಮಾನ್ಯವಾಗಿ ತಂದೆಯೇ ವಟುವಿಗೆ ಗಾಯತ್ರಿಯ ಉಪದೇಶ ಮಾಡುತ್ತಾರೆ. ಇಲ್ಲಿ ತಂದೆತಾಯಿ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಡಬೇಕು. ಹೆತ್ತವರ ಹೊಣೆ ಹೇಗೂ ಇದ್ದೇ ಇದೆ. ಅದರ ಜೊತೆಗೆ ಮಗುವಿಗೆ ಮತ್ತೊಬ್ಬ ಹಿರಿಯರ ಆಸರೆ ದೊರೆಯಲಿ ಎಂಬುದು ಇದರ ಆಶಯವೆಂದು ನಾವು ತಿಳಿಯುತ್ತೇವೆ.

ಆದರೆ ಆಯ್ಕೆಯ ಹೊತ್ತಿಗೆ ಈ ಆಶಯ ಹಿಂದೆ ಸರಿದು ನಂಟಸ್ತಿಕೆಯ ಲೆಕ್ಕಾಚಾರ ಮುಂದೆ ಬರುವುದುಂಟು. ಊರಿನಲ್ಲಿರುವ ಅಣ್ಣನನ್ನು ಬಿಟ್ಟರೆ ಬೇಸರವಾದೀತೆಂದು ಅವರ ಹೆಸರು ಬರೆಯುವುದು. ನಮ್ಮ ಮಗನನ್ನು ಅವರು ಕೇಳಿದ್ದರಿಂದ ಅವರ ಮಗಳಿಗೆ ನಾವು ಎಂದು ಋಣ ತೀರಿಸುವುದು. ಸಮಾಜದಲ್ಲಿ ಹೆಸರುಳ್ಳವರೆಂದು ಅಪರಿಚಿತರಿಗೆ ಸಮೀಪದವರನ್ನು ಕರೆಯುವುದು. ಇದು ನಮ್ಮವರಿಗೆ ಮಾತ್ರ ಅಂಟಿದ ರೋಗವಲ್ಲ. ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಕಟಾನಿಯ ಮಹಾಧರ್ಮಪ್ರಾಂತ್ಯವು 2021ರ ಅಕ್ಟೋಬರಿನಿಂದ ಮೂರು ವರ್ಷಗಳ ಕಾಲ ದೀಕ್ಷಾಸ್ನಾನಕ್ಕೂ ದೃಢೀಕರಣಕ್ಕೂ ಜ್ಞಾನತಂದೆತಾಯಿಯರನ್ನು ನೇಮಿಸುವ ಪದ್ಧತಿಯನ್ನೇ ತಡೆಹಿಡಿಯಿತು. ಆ ಸ್ಥಾನವು ವಿಶ್ವಾಸದ ಅರ್ಥವನ್ನು ಕಳೆದುಕೊಂಡು ಕೇವಲ ಸಾಮಾಜಿಕ ನಂಟಿನ ಸಾಧನವಾಗಿದೆ ಎಂಬುದೇ ಅಲ್ಲಿನವರ ಕಾರಣವಾಗಿತ್ತು. ಶತಮಾನಗಳ ಕ್ರೈಸ್ತ ಸಂಪ್ರದಾಯವುಳ್ಳ ನಾಡಿಗೇ ಈ ಗತಿ ಬಂದಿರುವಾಗ ನಾವು ಎಚ್ಚರದಿಂದಿರುವುದು ಒಳಿತು.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಸ್ಪಾನ್ಸರ್ ಆಯ್ಕೆಯಲ್ಲಿ ರಕ್ತಸಂಬಂಧಕ್ಕಿಂತ ಸಾಮೀಪ್ಯ ದೊಡ್ಡದು. ಮಗುವನ್ನು ಬಲ್ಲವರು, ಮಗುವಿಗೆ ಎಟುಕುವವರು ಆಗಬೇಕು.

ಇದಕ್ಕೆ ಎದುರಾಗಿ ಒಂದು ಬಲವಾದ ಮಾತಿದೆ. ದೀಕ್ಷಾಸ್ನಾನದಲ್ಲಿ ನಿಂತವರೇ ದೃಢೀಕರಣದಲ್ಲೂ ನಿಲ್ಲುವುದು ಅಪೇಕ್ಷಣೀಯವೆಂದು ಮೇಲೆ ಹೇಳಿದ ಸಂಹಿತೆಯೇ ಹೇಳುತ್ತದೆ. ಎರಡು ಸಂಸ್ಕಾರಗಳ ನಂಟನ್ನು ಅದು ತೋರಿಸಿಕೊಡುತ್ತದೆ ಎಂಬುದು ನಿಜ. ಆದರೆ ಇದು ಅಪೇಕ್ಷೆಯೇ ಹೊರತು ಕಟ್ಟಳೆಯಲ್ಲ. ಇದಕ್ಕೆ ಮುಂಚಿನ 1917ರ ಸಂಹಿತೆಯಂತೂ ಸಕಾರಣವಿಲ್ಲದ ಹೊರತು ದೀಕ್ಷಾಸ್ನಾನದವರೇ ದೃಢೀಕರಣಕ್ಕೆ ನಿಲ್ಲಬಾರದೆಂದು ಹೇಳುತ್ತಿತ್ತು. ಧರ್ಮಸಭೆಯ ಪರಂಪರೆಯಲ್ಲಿ ಎರಡಕ್ಕೂ ಸ್ಥಳವಿದೆ ಎಂದಾಯಿತು. ನಮ್ಮ ಮಕ್ಕಳಲ್ಲಿ ಅನೇಕರ ಜ್ಞಾನತಂದೆತಾಯಿಯರು ಮೈಸೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ಸೋದರಮಾವ, ಅತ್ತೆಯಂದಿರು. ಅವರು ವರ್ಷಗಳುದ್ದಕ್ಕೂ ಫೋನ್ ಮಾಡುತ್ತ, ಮಗುವಿನ ಸುಖದುಃಖ ವಿಚಾರಿಸುತ್ತ, ಅದಕ್ಕಾಗಿ ಪ್ರಾರ್ಥಿಸುತ್ತ ಬಂದಿದ್ದರೆ ಅವರಿಗಿಂತ ಉತ್ತಮರಿಲ್ಲ. ಅಂದು ಬರಲಾಗದಿದ್ದರೆ ಅವರ ಪರವಾಗಿ ಬೇರೊಬ್ಬರು ನಿಲ್ಲಲು ಅನೇಕ ಚರ್ಚುಗಳು ಒಪ್ಪುತ್ತವೆ. ಆದರೆ ಕ್ರಿಸ್ಮಸ್ಸಿಗೊಮ್ಮೆ ಬರುವ ವಾಟ್ಸಾಪ್ ಸಂದೇಶದಲ್ಲಿ ಮಾತ್ರ ಮಗು ಅವರನ್ನು ಕಂಡಿದ್ದರೆ, ಬರೆದ ಹೆಸರು ದಾಖಲೆಯ ಹೆಸರಾಗಿಯೇ ಉಳಿಯುತ್ತದೆ. ಊರಿನಲ್ಲಿ ಜ್ಞಾನತಂದೆ ಎರಡು ಬೀದಿ ಆಚೆಗಿದ್ದರೆ ಪ್ರತಿ ಭಾನುವಾರ ಬಲಿಪೂಜೆ ಮುಗಿದ ಮೇಲೆ ಎದುರಾಗುತ್ತಾರೆ. ಸಾವಿರಾರು ಮೈಲಿ ದಾಟಿ ಬಂದವರು ಆ ಎರಡು ಬೀದಿಯ ಅಂತರವನ್ನು ಇಲ್ಲಿಯೇ ಹುಡುಕಿಕೊಳ್ಳಬೇಕು.

ಹಾಗೆ ಹುಡುಕುವಾಗ ಸ್ಪಾನ್ಸರ್ ಕನ್ನಡದವರೇ ಆಗಬೇಕೆ? ಕನ್ನಡ ಸಂಘದ ಪುಟದಲ್ಲಿ ಈ ಮಾತು ವಿಚಿತ್ರವಾಗಿ ಕಂಡರೂ ಹೇಳಿಬಿಡುತ್ತೇವೆ: ಆಗಬೇಕಿಲ್ಲ. ಮನೆಯ ಜಪಸರ ಕನ್ನಡದಲ್ಲಿ ನಡೆಯಲಿ, ಅಜ್ಜಿಯ ಪ್ರಾರ್ಥನೆಗಳನ್ನು ಮಕ್ಕಳು ಕಲಿಯಲಿ. ಅದು ಹೆತ್ತವರ ಮತ್ತು ಸಂಘದ ಕೆಲಸ. ಆದರೆ ಮಗುವಿನ ವಿಶ್ವಾಸ ಬೆಳೆಯುತ್ತಿರುವುದು ಇಲ್ಲಿನ ಚರ್ಚಿನಲ್ಲಿ. ಅಲ್ಲಿ ಧರ್ಮೋಪದೇಶ ಕಲಿಸುವ ಫಿಲಿಪ್ಪೀನ್ಸಿನ ನರ್ಸ್, ಗಾಯನವೃಂದದ ವಿಯೆಟ್ನಾಮಿನ ಹಿರಿಯರು, ಪಕ್ಕದ ಮನೆಯ ಮೆಕ್ಸಿಕೊ ಮೂಲದ ತಾಯಿ ನಮ್ಮ ಮಗುವನ್ನು ನಮ್ಮ ನಂಟರಿಗಿಂತ ಚೆನ್ನಾಗಿ ಬಲ್ಲವರಾಗಿರಬಹುದು. ಮಗು ಅವರಲ್ಲೊಬ್ಬರ ಹೆಸರು ಹೇಳಿದರೆ ಅದನ್ನು ಪರಕೀಯತೆಯೆಂದು ತಿಳಿಯದೆ ಕಾಣಿಕೆಯೆಂದು ಸ್ವೀಕರಿಸಬೇಕು.

ಇನ್ನೊಂದು ಸೂಕ್ಷ್ಮ ಸಂಗತಿ ಸಂಘದ ಎಲ್ಲ ಕುಟುಂಬಗಳಿಗೂ ಸೇರಿದ್ದು. ಇಲ್ಲಿ ನಮ್ಮ ಮಕ್ಕಳಿಗೆ ಅತ್ಯಂತ ಪ್ರಿಯರಾದ ಚಿಕ್ಕಪ್ಪ, ಚಿಕ್ಕಮ್ಮಂದಿರು ಅನೇಕ ವೇಳೆ ಹಿಂದೂಗಳು, ಪ್ರಾಟೆಸ್ಟಂಟರು ಅಥವಾ ಬೇರೆ ಮತದವರು. ಅವರನ್ನೇ ಸ್ಪಾನ್ಸರ್ ಮಾಡಬೇಕೆಂದು ಮಗು ಕೇಳಿದರೆ ನಿಯಮ ಒಪ್ಪುವುದಿಲ್ಲ. ಇದರಲ್ಲಿ ಅವರ ಯೋಗ್ಯತೆಯ ಪ್ರಶ್ನೆಯಿಲ್ಲ. ತಾನು ಸ್ವೀಕರಿಸಿದ ಸಂಸ್ಕಾರಕ್ಕೇ ಸಾಕ್ಷಿಯಾಗಿ ನಿಲ್ಲುವ ಕೆಲಸವಾದ್ದರಿಂದ ಅದನ್ನು ಪಡೆದವರೇ ನಿಲ್ಲಬೇಕಾಗುತ್ತದೆ, ಅಷ್ಟೆ. ಇದನ್ನು ಮಗುವಿಗೂ ಆ ಸ್ನೇಹಿತರಿಗೂ ಬಿಡಿಸಿ ಹೇಳಬೇಕು. ಅಂದು ಅವರನ್ನು ಮನೆಯವರ ಸಾಲಿನಲ್ಲಿಯೇ ಕೂರಿಸಬೇಕು. ಮಗುವಿಗೆ ಹಾರೈಕೆಯ ಪತ್ರವೊಂದನ್ನು, ಸಾಧ್ಯವಾದರೆ ಕನ್ನಡದಲ್ಲಿ, ಬರೆದುಕೊಡುವಂತೆ ಕೇಳಬೇಕು. ಊರಿನ ಸೋದರಮಾವನಿಗೂ ಇದೇ ಗೌರವ ಸಲ್ಲಬಹುದು.

ಆಯ್ಕೆಯನ್ನು ಮಾಡಬೇಕಾದವರು ಯಾರು? ಪ್ರತಿಜ್ಞೆ ಮಗುವಿನದು, ಆದ್ದರಿಂದ ಮೊದಲ ಮಾತೂ ಮಗುವಿನದೇ ಆಗಲಿ. ನಾವು ಹೆಸರನ್ನು ಸೂಚಿಸುವ ಬದಲು ಪ್ರಶ್ನೆಗಳನ್ನು ಕೇಳೋಣ. ಮನೆಯಲ್ಲಿ ಹೇಳಲಾಗದ ಸಂಕಟ ಬಂದರೆ ಯಾರಿಗೆ ಫೋನ್ ಮಾಡುವೆ? ದೇವರಿಲ್ಲವೆಂದು ಅನಿಸಿದ ದಿನ ಅದನ್ನು ಯಾರ ಮುಂದೆ ಹೇಳಿದರೆ ಬೈಗುಳ ಸಿಗದೆ ಉತ್ತರ ಸಿಗುತ್ತದೆ? ಯಾರು ಪ್ರಾರ್ಥಿಸುವುದನ್ನು ನೀನು ಕಣ್ಣಾರೆ ಕಂಡಿರುವೆ? ಮೂರಕ್ಕೂ ಒಂದೇ ಹೆಸರು ಬಂದರೆ ಹುಡುಕಾಟ ಮುಗಿಯಿತು. ಅನಂತರ ಮಗುವೇ ಹೋಗಿ ಕೇಳಲಿ. ಕೇಳಿಸಿಕೊಂಡವರು ಯೋಚಿಸಲು ಸಮಯ ಬೇಡಿದರೆ, ಅಥವಾ ಈ ಹೊಣೆ ತಮ್ಮಿಂದಾಗದೆಂದರೆ, ಅದನ್ನು ಅವಮಾನವೆಂದು ಎಣಿಸಬಾರದು. ಮನಸ್ಸಿಲ್ಲದೆ ಒಪ್ಪುವುದಕ್ಕಿಂತ ಅದು ಪ್ರಾಮಾಣಿಕ ನಡೆ. ಸ್ಪಾನ್ಸರ್ ಆಗುವವರು ಅರ್ಹರೆಂದು ಅವರ ಧರ್ಮಕೇಂದ್ರದ ಗುರುಗಳಿಂದ ಪತ್ರ ತರುವಂತೆ ಸಾಮಾನ್ಯವಾಗಿ ಕೇಳುತ್ತಾರೆ. ಅದು ಊರಿನಿಂದ ಬರಬೇಕಾದರೆ ದಿನಗಳು ಹಿಡಿಯುತ್ತವೆ. ಆದ್ದರಿಂದ ಈಗಲೇ ಆರಂಭಿಸುವುದು ಲೇಸು.

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಕಾರಣವಿದೆ. ದೃಢೀಕರಣವಾದೊಡನೆ ಧರ್ಮೋಪದೇಶದ ತರಗತಿ ಮುಗಿಯಿತು, ಇನ್ನು ಚರ್ಚಿಗೂ ರಜೆ ಎಂಬ ಭಾವನೆ ಮಕ್ಕಳಲ್ಲಿ ಹುಟ್ಟುವುದನ್ನು ಹೆತ್ತವರೆಲ್ಲ ಬಲ್ಲರು. ಎರಡು ಮೂರು ವರ್ಷಗಳಲ್ಲಿ ಅವರು ಕಾಲೇಜಿಗೆಂದು ಮನೆ ಬಿಡುತ್ತಾರೆ. ತಂದೆತಾಯಿಯ ಮಾತು ಉಪದೇಶವಾಗಿ ಕೇಳಿಸುವ ವಯಸ್ಸದು. ಅದೇ ಮಾತನ್ನು ಬೇರೊಬ್ಬರು ಆಡಿದರೆ ಕಿವಿಗೆ ಬೀಳುತ್ತದೆ. ದೃಢೀಕರಣ ಪಡೆದವರು ಕ್ರಿಸ್ತರ ನಿಜ ಸಾಕ್ಷಿಯಾಗಿ ಬಾಳುವಂತೆ ನೋಡಿಕೊಳ್ಳುವುದು ಸ್ಪಾನ್ಸರ್‌ನ ಕರ್ತವ್ಯವೆಂದು ಸಂಹಿತೆ ಹೇಳುತ್ತದೆ. ಆ ಕರ್ತವ್ಯ ತೊಡಗುವುದು ಫೋಟೊ ತೆಗೆದಾದ ಮೇಲೆ. ತಿಂಗಳಿಗೊಮ್ಮೆ ಜೊತೆಯಲ್ಲಿ ಊಟ, ಪರೀಕ್ಷೆಯ ಹಿಂದಿನ ರಾತ್ರಿ ಒಂದು ಕರೆ, ಹಾಸ್ಟೆಲಿಗೆ ಹೊರಟ ದಿನ ಒಂದು ಆಶೀರ್ವಾದ: ಇಷ್ಟು ಮಾಡಬಲ್ಲವರು ಸಾಕು.

ಸಂಘದ ಕಥೋಲಿಕ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಈ ತಿಂಗಳುಗಳಲ್ಲಿ ಯಾವುದಾದರೂ ಮಗು ಸಂಕೋಚದಿಂದ ನಿಮ್ಮ ಬಳಿ ಬಂದು ಕೇಳಿದರೆ, ಸಮಾರಂಭದ ದಿನಾಂಕವನ್ನಷ್ಟೇ ನೋಡಿ ಉತ್ತರಿಸಬೇಡಿ. ಮುಂದಿನ ಹತ್ತು ವರ್ಷ ಆ ಮಗುವಿಗೆ ಸಮಯ ಕೊಡಬಲ್ಲಿರಾ ಎಂದು ಯೋಚಿಸಿ, ಆಮೇಲೆ ಹೂಂ ಎನ್ನಿ.