ದುಡ್ಡು ಬರಲಿ, ದುಡಿಮೆ ಬೇಡ: ಬಾಲಿಯ ಷರತ್ತು

ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ ನೇರ ವಿಮಾನ ಶುರುವಾದದ್ದು 2024ರ ಮಾರ್ಚ್ ಕೊನೆಯಲ್ಲಿ. ಆ ವರ್ಷ ಬಾಲಿಗೆ ಹೋದ ವಿದೇಶಿಯರಲ್ಲಿ ಆಸ್ಟ್ರೇಲಿಯಾದವರನ್ನು ಬಿಟ್ಟರೆ ಭಾರತೀಯರದೇ ದೊಡ್ಡ ಸಂಖ್ಯೆ. ವಾರದ ರಜೆ ಮುಗಿಸಿ ಬಂದವರು ಫೋಟೊ ತೋರಿಸಿ ಮುಗಿಸುವಷ್ಟರಲ್ಲಿ ಲೆಕ್ಕಕ್ಕೆ ಕೂರುತ್ತಾರೆ. ಇಲ್ಲಿ ಫ್ಲ್ಯಾಟಿಗೆ ಸುರಿಯುವ ಬಾಡಿಗೆಗೆ ಅಲ್ಲಿ ಈಜುಕೊಳದ ಮನೆಯೇ ಸಿಗುತ್ತದಂತೆ, ಕೆಲಸ ಹೇಗೂ ಲ್ಯಾಪ್‌ಟಾಪಿನಲ್ಲಿ, ಅಲ್ಲೇ ಇದ್ದುಬಿಟ್ಟರೇನು?

ಇಂಡೊನೇಷ್ಯಾ ಸರ್ಕಾರವೂ ತನ್ನ ಲೆಕ್ಕ ಹಾಕಿಟ್ಟಿದೆ. ದೂರದಿಂದ ಕೆಲಸ ಮಾಡುವವರಿಗಾಗಿ ಅದು ತಂದ ಇ33ಜಿ ಎಂಬ ವೀಸಾ ಒಂದು ವರ್ಷದ್ದು. ಅರ್ಜಿದಾರರ ವಾರ್ಷಿಕ ಆದಾಯ ಕನಿಷ್ಠ 60,000 ಡಾಲರ್, ಅಂದರೆ ಹೆಚ್ಚುಕಡಿಮೆ 50 ಲಕ್ಷ ರೂಪಾಯಿ ಇರಬೇಕು. ಸಂಬಳ ಕೊಡುವ ಕಂಪನಿ ಇಂಡೊನೇಷ್ಯಾದ ಹೊರಗಿರಬೇಕು. ಆ ದೇಶದೊಳಗಿನವರಿಂದ ಒಂದು ಕಾಸೂ ಸಂಪಾದಿಸಕೂಡದು. 2022ರ ಕೊನೆಗೆ ಬಂದ ‘ಎರಡನೇ ಮನೆ’ ವೀಸಾ ಇನ್ನೂ ನೇರ. 200 ಕೋಟಿ ರುಪಿಯಾ ಇರುವುದನ್ನು ತೋರಿಸಿದರೆ ಐದೋ ಹತ್ತೋ ವರ್ಷ ಇರಬಹುದು. (ಸೊನ್ನೆಗಳಿಗೆ ಹೆದರಬೇಕಿಲ್ಲ, ನಮ್ಮ ಲೆಕ್ಕಕ್ಕೆ ಅದು ಒಂದು ಕೋಟಿ ಚಿಲ್ಲರೆ.)

ನಮಗೆ ಗೊತ್ತಿರುವ ವಲಸೆ ಇದಕ್ಕೆ ತದ್ವಿರುದ್ಧ. ಕೊಲ್ಲಿ ದೇಶಗಳು ಮಂಗಳೂರು, ಉಡುಪಿ, ಭಟ್ಕಳದವರನ್ನು ಕರೆಸಿಕೊಂಡದ್ದು ದುಡಿಸಿಕೊಳ್ಳಲು. ಅಲ್ಲಿ ದುಡಿದವರು ಗಳಿಸಿದ್ದನ್ನು ಊರಿಗೆ ಕಳಿಸಿದರು, ವಯಸ್ಸಾದ ಮೇಲೆ ತಾವೂ ಬಂದರು. ಬಾಲಿ ಹೇಳುವುದು: ಬನ್ನಿ, ಇರಿ, ಖರ್ಚು ಮಾಡಿ, ಇಲ್ಲಿ ಮಾತ್ರ ದುಡಿಯಬೇಡಿ. ಇದನ್ನು ವಲಸೆ ಎಂದು ಕರೆಯುವುದೇ ತಪ್ಪು. ಇದು ಕಂತಿನಲ್ಲಿ ನವೀಕರಿಸಿಕೊಳ್ಳುವ ಉದ್ದನೆಯ ರಜೆ. ಹಾಗೆ ಇಟ್ಟಿರುವುದೇ ಸರಿ ಎಂಬುದು ನನ್ನ ವಾದ.

ಸುಮಾರು 44 ಲಕ್ಷ ಜನರಿರುವ ದ್ವೀಪಕ್ಕೆ 2024ರಲ್ಲಿ 60 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದುಹೋದರು. ಊರಿನ ದುಡಿಮೆಯ ಬಹುಪಾಲು ಅವರ ಸುತ್ತಲೇ ಇದೆ: ಹೋಟೆಲು, ಕಾರು, ಸ್ಕೂಟರ್ ಬಾಡಿಗೆ, ಮಸಾಜು, ಅಡುಗೆ, ಫೋಟೊ. ಬಾಲಿಯಲ್ಲಿ 2025ಕ್ಕೆ ನಿಗದಿಯಾದ ಕನಿಷ್ಠ ವೇತನ ತಿಂಗಳಿಗೆ ಸುಮಾರು 30 ಲಕ್ಷ ರುಪಿಯಾ, ನಮ್ಮ ಹದಿನೈದು–ಹದಿನಾರು ಸಾವಿರ ರೂಪಾಯಿ. ಹೊರಗಿನಿಂದ ಬಂದವರು ಅಲ್ಲೇ ಗಳಿಸಬೇಕೆಂದರೆ ಈ ಜನರ ಕೈಯಲ್ಲಿರುವ ಕೆಲಸಕ್ಕೇ ಕೈ ಹಾಕಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ನಂತರ ರಷ್ಯನ್ನರು ದಂಡಿಯಾಗಿ ಬಂದಾಗ ಆದದ್ದು ಅದೇ. ಪ್ರವಾಸಿ ವೀಸಾದಲ್ಲಿ ಬಂದ ಕೆಲವರು ಸರ್ಫಿಂಗ್ ಕಲಿಸತೊಡಗಿದರು, ಕ್ಯಾಮೆರಾ ಹಿಡಿದು ಗಿರಾಕಿ ಹುಡುಕಿದರು, ಕ್ಷೌರಕ್ಕೂ ನಿಂತರು. ಸ್ಥಳೀಯರು ಗಲಾಟೆ ಎಬ್ಬಿಸಿದರು, ಗಡಿಪಾರುಗಳು ನಡೆದವು. 2023ರ ಮಾರ್ಚ್‌ನಲ್ಲಿ ಗವರ್ನರ್ ವಯನ್ ಕೋಸ್ಟರ್, ರಷ್ಯಾ ಮತ್ತು ಉಕ್ರೇನ್‌ನವರಿಗೆ ವಿಮಾನ ನಿಲ್ದಾಣದಲ್ಲೇ ಕೊಡುವ ವೀಸಾ ನಿಲ್ಲಿಸಿ ಎಂದು ಜಕಾರ್ತಾವನ್ನು ಕೇಳಿಕೊಂಡರು.

ನ್ಯಾಯವಾಗಿ ಅಲ್ಲೇ ದುಡಿಯಲು ದಾರಿಗಳಿಲ್ಲವೆಂದಲ್ಲ. ಸ್ಥಳೀಯ ಕಂಪನಿ ಮೊದಲು ವಿದೇಶಿ ನೌಕರನ ಅಗತ್ಯವನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಆಮೇಲೆ ತಲೆಗೆ ತಿಂಗಳಿಗೆ 100 ಡಾಲರ್ ಶುಲ್ಕ ಕಟ್ಟಬೇಕು. ಸ್ವಂತ ಕಂಪನಿ ತೆರೆಯುವುದಾದರೆ ಹೂಡಿಕೆ ಯೋಜನೆ ಸಾವಿರ ಕೋಟಿ ರುಪಿಯಾ ದಾಟಬೇಕು, ಅಂದರೆ ನಮ್ಮ ಐದು ಕೋಟಿಗೂ ಮೇಲೆ. ಸಮುದ್ರದ ದಂಡೆಯಲ್ಲಿ ಒಂದು ದೋಸೆ ಹೋಟೆಲ್ ಹಾಕಿಕೊಂಡು ಇದ್ದುಬಿಡೋಣ ಎಂಬ ಕನಸು ಇಲ್ಲಿಗೆ ಮುಗಿಯುತ್ತದೆ.

ಮನೆಯ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು. ಬಾಲಿಯ ಚಾಂಗು, ಉಬುದ್ ಕಡೆ ಜಮೀನಿನ ಗುತ್ತಿಗೆಯ ದರ ಹೇಳುವುದು ‘ಆರ್’ ಲೆಕ್ಕದಲ್ಲಿ, ವರ್ಷಕ್ಕೆ ಇಷ್ಟು ಎಂದು. ಒಂದು ಆರ್ ಎಂದರೆ ನೂರು ಚದರ ಮೀಟರ್, ನಮ್ಮ ಮೂವತ್ತು–ನಲವತ್ತರ ಸೈಟಿಗಿಂತ ತುಸು ಚಿಕ್ಕದು. ದರ ವರ್ಷದ್ದಾದರೂ ಇಪ್ಪತ್ತೈದು ವರ್ಷದ ಹಣವನ್ನು ಸಾಮಾನ್ಯವಾಗಿ ಮೊದಲೇ ಎಣಿಸಬೇಕು. ಅದರ ಮೇಲೆ ನಿಮ್ಮ ಖರ್ಚಿನಲ್ಲೇ ಮನೆ ಕಟ್ಟಬೇಕು. ಅವಧಿ ಮುಗಿದ ದಿನ ಜಮೀನಿನ ಜೊತೆ ಕಟ್ಟಡವೂ ಗದ್ದೆಯ ಒಡೆಯನಿಗೆ ಸೇರುತ್ತದೆ. ಮತ್ತೆ ಮುಂದುವರಿಸಬೇಕೆಂದರೆ ಆಗಿನ ದರ. ಕೊಂಡುಬಿಡೋಣವೆಂದರೆ 1960ರ ಭೂ ಕಾನೂನು ಅಡ್ಡ ಬರುತ್ತದೆ, ಪೂರ್ಣ ಒಡೆತನ ಇಂಡೊನೇಷ್ಯಾದ ಪ್ರಜೆಗಳಿಗಷ್ಟೇ. ಪರಿಚಯದ ಡ್ರೈವರನ ಹೆಸರಿನಲ್ಲೋ ಮನೆಗೆಲಸದವರ ಹೆಸರಿನಲ್ಲೋ ಜಮೀನು ಕೊಂಡು ಪಕ್ಕದಲ್ಲೊಂದು ಕರಾರು ಬರೆಸಿಕೊಳ್ಳುವವರು ಬಹಳ. ಅದು ಶುದ್ಧ ಬೇನಾಮಿ. ಜಗಳ ಕೋರ್ಟಿಗೆ ಹೋದರೆ ಆ ಕರಾರು ನಿಲ್ಲುವುದಿಲ್ಲ.

ಇಷ್ಟೆಲ್ಲ ದಾಟಿ ನೆಲೆಸಿದವರು ಆ ಊರಿನವರಾಗುತ್ತಾರೆಯೇ? ಬಾಲಿಯಲ್ಲಿ ಊರಿನವರಾಗುವುದು ‘ಬಂಜಾರ್’ ಮೂಲಕ. ಕೇರಿಯ ಕುಟುಂಬಗಳ ಕೂಟ ಅದು. ದೇವಸ್ಥಾನದ ಉತ್ಸವಕ್ಕೆ, ಯಾರದೋ ಶವಸಂಸ್ಕಾರಕ್ಕೆ ಮರದ ಗಂಟೆ ಬಡಿದರೆ ಮನೆಗೊಬ್ಬರಂತೆ ಕೆಲಸಕ್ಕೆ ಹೋಗಬೇಕು. ಗೈರಾದರೆ ದಂಡ. ಹತ್ತು ವರ್ಷದಿಂದ ಪಕ್ಕದ ವಿಲ್ಲಾದಲ್ಲಿರುವ ವಿದೇಶಿಯಿಂದ ಊರು ಬಯಸುವುದು ಹೆಚ್ಚೆಂದರೆ ವಂತಿಗೆ. ಅವರ ದಿನಚರಿಯೂ ಬೇರೆಯದೇ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ, ಬೆಂಗಳೂರಿನ ಕಚೇರಿಗೆ ದುಡಿಯುವವರಿಗೆ ಅದು ಅನುಕೂಲವೇ. ಆದರೆ ನ್ಯೂಯಾರ್ಕಿನ ಗಿರಾಕಿ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಕರೆದರೆ ಬಾಲಿಯಲ್ಲಿ ರಾತ್ರಿ ಒಂಬತ್ತೋ ಹತ್ತೋ. ಊರು ಮಲಗುವ ಹೊತ್ತಿಗೆ ಇವರ ಕೆಲಸ ಶುರು. ಬಾಲಿಯ ಹೊಸ ವರ್ಷವಾದ ‘ನ್ಯೆಪಿ’ಯಂದು ವಿಮಾನ ನಿಲ್ದಾಣವನ್ನೇ ಮುಚ್ಚುತ್ತಾರೆ, ಯಾರೂ ಬೀದಿಗಿಳಿಯುವಂತಿಲ್ಲ, 2018ರಿಂದ ಮೊಬೈಲ್ ಇಂಟರ್‌ನೆಟ್ಟೂ ಬಂದ್. ಪ್ರವಾಸಿಗೆ ಅದೊಂದು ಸೊಗಸಾದ ಅನುಭವ, ಮರುದಿನ ಕೆಲಸ ಒಪ್ಪಿಸಬೇಕಾದವನಿಗೆ ತಲೆನೋವು.

ಮೊದಲು ಬರಿಯ ಗದ್ದೆ ಬಯಲಾಗಿದ್ದ ಚಾಂಗುವಿನಲ್ಲಿ ಈಗ ಕೆಫೆ, ಜಿಮ್, ವಿಲ್ಲಾಗಳ ಸಾಲು. ಅಲ್ಲಿನ ಒಂದು ಒಳದಾರಿ, ಎದುರುಬದುರಾದ ಕಾರು–ಸ್ಕೂಟರುಗಳು ಜಾರಿ ಗದ್ದೆಗೆ ಬೀಳುವುದಕ್ಕೇ ಹೆಸರುವಾಸಿ. ‘ಸುಬಕ್’ ಎಂಬ ನೀರು ಹಂಚಿಕೆಯ ರೈತಕೂಟಗಳನ್ನು, ಅವು ಕಾದ ಗದ್ದೆಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಮೇಲಿನ ಗದ್ದೆ ವಿಲ್ಲಾ ಆದರೆ ಕೆಳಗಿನ ಗದ್ದೆಯ ಕಾಲುವೆ ತುಂಡಾಗುತ್ತದೆ. 2025ರ ಸೆಪ್ಟೆಂಬರ್‌ನ ಪ್ರವಾಹದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ, ಗದ್ದೆಗಳನ್ನು ಹೋಟೆಲು–ರೆಸ್ಟೊರೆಂಟುಗಳಿಗೆ ಬಿಟ್ಟುಕೊಡುವುದನ್ನು ನಿಲ್ಲಿಸುವುದಾಗಿ ಕೋಸ್ಟರ್ ಹೇಳಬೇಕಾಯಿತು. ಇದೆಲ್ಲ ವಿದೇಶಿಯರದೇ ಪಾಪವೆನ್ನುವುದು ಅನ್ಯಾಯ. ಜಕಾರ್ತಾದ ಹಣವೂ ಇದೆ, ಗುತ್ತಿಗೆಗೆ ಕೊಟ್ಟ ಬಾಲಿಯವರೂ ಇದ್ದಾರೆ.

ಹೀಗೆ ಜಗತ್ತು ಬಾಲಿಗೆ ಬಂದು ನೆಲೆಸಲು ಹವಣಿಸುತ್ತಿರುವಾಗ ಬಾಲಿಯ ಹುಡುಗ–ಹುಡುಗಿಯರು ಹೊರಡುತ್ತಿದ್ದಾರೆ. ಸಾವಿರಾರು ಮಂದಿ ವಿಲಾಸಿ ಪ್ರಯಾಣದ ಹಡಗುಗಳಲ್ಲಿ ಹಾಸಿಗೆ ಹಾಸುತ್ತಾ, ಊಟ ಬಡಿಸುತ್ತಾ ಡಾಲರ್ ಗಳಿಸುತ್ತಾರೆ. ಪ್ರವಾಸೋದ್ಯಮ ತಮ್ಮ ಊರಿಗೆ ತಂದ ಸಂಬಳದಲ್ಲಿ, ಅದೇ ಏರಿಸಿದ ಬೆಲೆಯ ಜಾಗ ಕೊಳ್ಳಲು ಅವರಿಗೆ ಆಗುವುದಿಲ್ಲ.

ಈ ಮಾತನ್ನು ಕೊಡಗಿನಲ್ಲೋ ಸಕಲೇಶಪುರದಲ್ಲೋ ಹೇಳಿದರೆ ಯಾರಿಗೂ ಹೊಸದೆನಿಸದು. ಬಾಲಿಗೆ ಹೋಗುವ ಬೆಂಗಳೂರಿಗರೇ ಅಲ್ಲಿಗೂ ಹೋಗಿದ್ದಾರೆ, ರಜೆಯಲ್ಲಿ ಮೆಚ್ಚಿದ ಬೆಟ್ಟದಲ್ಲಿ ಎರಡೆಕರೆ ಕೊಂಡು ಹೋಮ್‌ಸ್ಟೇ ಮಾಡಿದ್ದಾರೆ. ವ್ಯತ್ಯಾಸವಿರುವುದು ಕಾನೂನಿನಲ್ಲಿ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು ನಮ್ಮ ಸರ್ಕಾರ ಬಾಗಿಲು ತೆರೆಯಿತು. ಬೆಂಗಳೂರಿನವರು ಕೊಡಗಿಗೆ ವಿದೇಶಿಯರಲ್ಲ, ನಿಜ. ಆದರೆ ಹಿಮಾಚಲ ಪ್ರದೇಶ ತನ್ನ 1972ರ ಕಾಯ್ದೆಯ 118ನೇ ಕಲಮಿನ ಮೂಲಕ ಕೃಷಿಕರಲ್ಲದವರ ಖರೀದಿಗೆ ಈಗಲೂ ತಡೆ ಇಟ್ಟುಕೊಂಡಿದೆ. ಗುತ್ತಿಗೆ ಮುಗಿದ ಮೇಲೆ ಚಾಂಗುವಿನ ರೈತನ ಮಕ್ಕಳಿಗೆ ಜಮೀನಾದರೂ ಕೈಗೆ ಬರುತ್ತದೆ, ಸಕಲೇಶಪುರದಲ್ಲಿ ಮಾರಿದವರ ಮಕ್ಕಳಿಗೆ ಅದೂ ಇಲ್ಲ. ಮಲೆನಾಡಿನ ಜಮೀನನ್ನು ಪ್ರವಾಸೋದ್ಯಮಕ್ಕೆ ಗುತ್ತಿಗೆಯಾಗಿ ಮಾತ್ರ ಕೊಡಬಹುದು, ಮಾರುವಂತಿಲ್ಲ ಎಂಬ ನಿಯಮವನ್ನು ನಮ್ಮ ಶಾಸಕರು ಚರ್ಚೆಗಾದರೂ ಎತ್ತಿಕೊಳ್ಳಲಿ.